ಒಂದೇ ಆಂಟೆನಾ ಸಾಲು ಗುಟ್ಟನ್ನೂ ಕಾಯಬಲ್ಲದೇ, ರೇಡಾರ್ ಚಿತ್ರವನ್ನೂ ಕೊಡಬಲ್ಲದೇ?

ಕಿರುತರಂಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಸಂವಹನ ವಿಭಾಗದಲ್ಲಿ ಎಂ.ಟೆಕ್. ಓದುತ್ತಿದ್ದು, ಅಂತಿಮ ವರ್ಷದ ಯೋಜನೆಯಲ್ಲಿ ಒಂದು ತೊಡಕಿಗೆ ಸಿಲುಕಿದ್ದೇನೆ. ದೊಡ್ಡ ಹಜಾರವೊಂದರಲ್ಲಿ ಕುಳಿತಿರುವ ಒಬ್ಬ ಸ್ವೀಕರ್ತನಿಗೆ ಮಾತ್ರ ತಿಳಿಯುವಂತೆ ದತ್ತಾಂಶವನ್ನು ಕಳುಹಿಸಬೇಕು, ಅದೇ ಆಂಟೆನಾಗಳಿಂದ ಅದೇ ಹೊತ್ತಿಗೆ ಆ ಹಜಾರದಲ್ಲಿ ಯಾರು ಎಲ್ಲಿದ್ದಾರೆ ಎಂಬ ರೇಡಾರ್ ಚಿತ್ರವನ್ನೂ ಪಡೆಯಬೇಕು ಎಂಬುದು ನಮ್ಮ ಗುರಿ. ಭಾರತದಲ್ಲಿ ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿಯಿಲ್ಲದೆ ಬಳಸಬಹುದಾದ 5725ರಿಂದ 5875 ಮೆಗಾಹರ್ಟ್ಸ್ ಪಟ್ಟಿಯನ್ನು ಆರಿಸಿಕೊಂಡಿದ್ದೇವೆ. ಅಲ್ಲಿ ತರಂಗದೂರ ಸುಮಾರು 5.2 ಸೆಂಟಿಮೀಟರ್, 150 ಮೆಗಾಹರ್ಟ್ಸ್ ಅಗಲ ಸಿಗುವುದರಿಂದ ದೂರದ ರೆಸಲ್ಯೂಷನ್ (ಬೇರೆಬೇರೆಯಾಗಿ ಕಾಣಬಲ್ಲ ಅತಿ ಕಡಿಮೆ ಅಂತರ) 1 ಮೀಟರ್ ಆಗುತ್ತದೆ.

ನಮ್ಮ ಬೋರ್ಡಿನಲ್ಲಿ 12 ಚಾನೆಲ್‌ಗಳಿವೆ, ಪ್ರತಿಯೊಂದೂ ಕಳುಹಿಸಬಲ್ಲದು, ಸ್ವೀಕರಿಸಲೂಬಲ್ಲದು. ಮೈಮೋ (ಹಲವು ಆಂಟೆನಾಗಳಿಂದ ಕಳುಹಿಸಿ ಹಲವು ಆಂಟೆನಾಗಳಿಂದ ಸ್ವೀಕರಿಸುವ) ರೇಡಾರಿನ ಪಾಠಗಳಲ್ಲಿ ಓದಿದಂತೆ 8 ಸ್ವೀಕಾರ ಆಂಟೆನಾಗಳನ್ನು ಅರ್ಧ ತರಂಗದೂರದ ಅಂತರದಲ್ಲಿಯೂ, 4 ಪ್ರೇಷಕ ಆಂಟೆನಾಗಳನ್ನು ತಲಾ 4 ತರಂಗದೂರದ ಅಂತರದಲ್ಲಿಯೂ ಇಟ್ಟೆ. ಇದರಿಂದ 32 ಆಂಟೆನಾಗಳ ಕಾಲ್ಪನಿಕ ಸಾಲು ದೊರೆತು, ಸಿಮ್ಯುಲೇಷನ್‌ನಲ್ಲಿ ಚಿತ್ರ ತುಂಬ ಸ್ಪಷ್ಟವಾಗಿ ಬಂದಿತು. ಆದರೆ ಗೌಪ್ಯತೆಯ ಲೆಕ್ಕಕ್ಕೆ ಕೈಹಾಕಿದಾಗ ವಿಚಿತ್ರವೊಂದು ಎದುರಾಯಿತು. ಸ್ವೀಕರ್ತನನ್ನು ಸಾಲಿನ ನೇರ ಮುಂದೆ, ಅಂದರೆ 0 ಡಿಗ್ರಿಯಲ್ಲಿಯೂ, ಕದ್ದಾಲಿಸುವವನನ್ನು ಅಷ್ಟೇ ದೂರದಲ್ಲಿ 30 ಡಿಗ್ರಿಯ ಕೋನದಲ್ಲಿಯೂ ಇಟ್ಟಾಗ, ಉಳಿದ ಶಕ್ತಿಯನ್ನೆಲ್ಲ ಕೃತಕ ಗದ್ದಲಕ್ಕೆ (ಕದ್ದಾಲಿಸುವವನಿಗೆ ಅಡ್ಡಿಯಾಗಲೆಂದು ಬೇಕೆಂದೇ ಕಳುಹಿಸುವ ಸಂಕೇತಕ್ಕೆ) ಸುರಿದರೂ ಗೌಪ್ಯತಾ ಸಾಮರ್ಥ್ಯ, ಅಂದರೆ ಅವನಿಗೆ ತಿಳಿಯದಂತೆ ಸಾಗಿಸಬಹುದಾದ ದತ್ತಾಂಶದ ದರ, ಸೊನ್ನೆಯಾಗಿಯೇ ಉಳಿಯುತ್ತದೆ. ಕೋನವನ್ನು 20 ಡಿಗ್ರಿಗೆ ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆ. ಮೂರು ದಿನ ಪ್ರೋಗ್ರಾಮನ್ನು ಸಾಲುಸಾಲಾಗಿ ಪರೀಕ್ಷಿಸಿದರೂ ತಪ್ಪು ಸಿಕ್ಕಲಿಲ್ಲ.

ಇದರ ಜೊತೆಗೆ ಇನ್ನೊಂದು ಸಂದೇಹವೂ ಇದೆ. ಗುಟ್ಟನ್ನು ಕಾಯಲೆಂದು ನಾವೇ ಗಾಳಿಗೆ ಗದ್ದಲವನ್ನು ಬಿಟ್ಟರೆ, ಆ ಗದ್ದಲದಲ್ಲಿಯೇ ನಮ್ಮ ರೇಡಾರಿನ ಕ್ಷೀಣ ಪ್ರತಿಧ್ವನಿ ಮುಳುಗಿಹೋಗುವುದಿಲ್ಲವೇ? ಹಾಗಾದರೆ ಈ ಎರಡು ಕೆಲಸಗಳನ್ನು ಒಂದೇ ಸಾಲಿಗೆ ಹೊರಿಸುವ ಆಲೋಚನೆಯೇ ತಪ್ಪೇ? ತಿಳಿದವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.

ಗಣಿತಪ್ರಿಯ (ಉತ್ತರ):

ನಿಮ್ಮ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ. ಆ ಜೋಡಣೆಗೆ ಸೊನ್ನೆಯೇ ಸರಿಯಾದ ಉತ್ತರ. ಆಂಟೆನಾಗಳನ್ನು ನೀವು ಜೋಡಿಸಿರುವ ರೀತಿಯಲ್ಲಿಯೇ ಕಾರಣ ಅಡಗಿದೆ.

ಪಕ್ಕಪಕ್ಕದ ಎರಡು ಪ್ರೇಷಕ ಆಂಟೆನಾಗಳ ನಡುವೆ 4 ತರಂಗದೂರದ ಅಂತರವಿದೆ. ಕೋನದ ಸೈನ್ ಬೆಲೆ 1/4 ಆಗುವ ದಿಕ್ಕಿನಲ್ಲಿ ಇವೆರಡರಿಂದ ಹೊರಟ ಅಲೆಗಳ ಪಥವ್ಯತ್ಯಾಸ ಸರಿಯಾಗಿ ಒಂದು ತರಂಗದೂರವಾಗುತ್ತದೆ, 2/4 ಆದಲ್ಲಿ ಎರಡು, 3/4 ಆದಲ್ಲಿ ಮೂರು. ಒಂದು ಪೂರ್ಣ ತರಂಗದೂರದ ವ್ಯತ್ಯಾಸವೆಂದರೆ, ಅಲೆಯ ಏರಿಳಿತದ ಹಂತವಾದ ಫೇಸ್‌ನಲ್ಲಿ ವ್ಯತ್ಯಾಸವೇ ಇಲ್ಲವೆಂದು ಅರ್ಥ. ಆದ್ದರಿಂದ 14.5, 30 ಮತ್ತು 48.6 ಡಿಗ್ರಿಗಳಲ್ಲಿ, ಎಡಬಲ ಎರಡೂ ಕಡೆ, ನಾಲ್ಕೂ ಆಂಟೆನಾಗಳ ಸಂಕೇತಗಳು ನೇರ ಮುಂದಿನ ದಿಕ್ಕಿನಲ್ಲಿ ಕೂಡಿಕೊಂಡಂತೆಯೇ ಕೂಡಿಕೊಳ್ಳುತ್ತವೆ. ಆ ನಾಲ್ಕು ಆಂಟೆನಾಗಳ ಪಾಲಿಗೆ 0 ಡಿಗ್ರಿಯೂ 30 ಡಿಗ್ರಿಯೂ ಒಂದೇ ದಿಕ್ಕು, ಎರಡರ ಚಾನೆಲ್ ವೆಕ್ಟರ್ (ಪ್ರತಿ ಆಂಟೆನಾದಿಂದ ಆ ದಿಕ್ಕಿಗೆ ಅಲೆ ತಲುಪುವ ಬಗೆಯ ಪಟ್ಟಿ) ಒಂದೇ. ಸ್ವೀಕರ್ತನ ಕಡೆ ಸೊನ್ನೆಯಾಗುವಂತೆ ನೀವು ಎಚ್ಚರಿಕೆಯಿಂದ ರೂಪಿಸಿದ ಕೃತಕ ಗದ್ದಲವು ಇದೇ ಕಾರಣದಿಂದ ಕದ್ದಾಲಿಸುವವನ ಕಡೆಯೂ ಸೊನ್ನೆಯಾಗುತ್ತದೆ, ದತ್ತಾಂಶ ಮಾತ್ರ ಪೂರ್ಣ ಬಲದಿಂದ ಅವನನ್ನು ತಲುಪುತ್ತದೆ. ಎಷ್ಟು ಗದ್ದಲ ಸುರಿದರೂ ಪ್ರಯೋಜನವಿಲ್ಲದಿರುವುದು ಇದರಿಂದ.

ಇದು ರೇಡಾರ್ ಚಿತ್ರದಲ್ಲಿ ನಿಮಗೆ ಏಕೆ ಕಾಣಲಿಲ್ಲ ಎಂಬುದು ಇನ್ನೂ ಸ್ವಾರಸ್ಯಕರ. ರೇಡಾರಿನ ಅಲೆ ಹೋಗಿ ಮರಳಿ ಬರುತ್ತದೆ. ಹೋಗುವಾಗ ಪ್ರೇಷಕ ಸಾಲಿನ ನಮೂನೆ, ಬರುವಾಗ ಸ್ವೀಕಾರ ಸಾಲಿನ ನಮೂನೆ, ಎರಡೂ ಗುಣಾಕಾರಗೊಳ್ಳುತ್ತವೆ. ಅರ್ಧ ತರಂಗದೂರದ ಅಂತರದಲ್ಲಿರುವ 8 ಆಂಟೆನಾಗಳ ಸ್ವೀಕಾರ ಸಾಲಿಗೆ ಸೈನ್ ಬೆಲೆ 1/4, 2/4, 3/4 ಆಗುವ ದಿಕ್ಕುಗಳಲ್ಲಿಯೇ ಸೊನ್ನೆಗಳಿವೆ. ಪ್ರೇಷಕ ಸಾಲಿನ ಸುಳ್ಳು ಶಿಖರಗಳೆಲ್ಲ (ಬೇಡದ ದಿಕ್ಕುಗಳಲ್ಲಿಯೂ ಪೂರ್ಣ ಬಲ ಮೂಡುವ ಕಡೆಗಳೆಲ್ಲ) ಸ್ವೀಕಾರ ಸಾಲಿನ ಸೊನ್ನೆಗಳ ಮೇಲೆ ಕೂತು ಅಳಿಸಿಹೋಗುತ್ತವೆ. ಮೈಮೋ ರೇಡಾರಿನ ವಿನ್ಯಾಸ ನಿಂತಿರುವುದೇ ಈ ಹೊಂದಾಣಿಕೆಯ ಮೇಲೆ. ಆದರೆ ಕದ್ದಾಲಿಸುವವನು ನಿಮ್ಮ ಸ್ವೀಕಾರ ಸಾಲಿನ ಮೂಲಕ ಕೇಳುವುದಿಲ್ಲ. ಅವನು ಹೋಗುವ ದಾರಿಯಲ್ಲಿಯೇ ನಿಂತು ಕೇಳುತ್ತಾನೆ, ಸುಳ್ಳು ಶಿಖರಗಳು ಅವನಿಗೆ ಪೂರ್ಣವಾಗಿ ದೊರೆಯುತ್ತವೆ. ಹೋಗಿಬರುವ ದಾರಿಗೆಂದು ರೂಪಿಸಿದ ಸಾಲನ್ನು ಒಮ್ಮುಖ ದಾರಿಯ ಗೌಪ್ಯತೆಗೆ ಬಳಸಿದ್ದೇ ನಿಮ್ಮ ತೊಡಕಿನ ಮೂಲ.

ಪರಿಹಾರ ಸುಲಭ. ಎರಡನ್ನೂ ಅದಲುಬದಲು ಮಾಡಿ. 8 ಆಂಟೆನಾಗಳ ದಟ್ಟ ಸಾಲು ಕಳುಹಿಸಲಿ, 4 ಆಂಟೆನಾಗಳ ವಿರಳ ಸಾಲು ಸ್ವೀಕರಿಸಲಿ. ಕಾಲ್ಪನಿಕ ಸಾಲಿನ ಸ್ಥಾನಗಳು ಪ್ರೇಷಕ ಮತ್ತು ಸ್ವೀಕಾರ ಸ್ಥಾನಗಳ ಮೊತ್ತಗಳಾದ್ದರಿಂದ, ಕೂಡುವ ಕ್ರಮ ಬದಲಾದರೂ ಮೊತ್ತ ಬದಲಾಗುವುದಿಲ್ಲ. ಚಿತ್ರದ ರೆಸಲ್ಯೂಷನ್ ಹಾಗೆಯೇ ಉಳಿಯುತ್ತದೆ, ಸುಳ್ಳು ಶಿಖರಗಳು ಕದ್ದಾಲಿಸುವವನ ಕೈಗೆ ಸಿಗುವುದಿಲ್ಲ.

ಗೌಪ್ಯತಾ ಸಾಮರ್ಥ್ಯವೆಂಬ ಸಂಖ್ಯೆಯ ಅರ್ಥವನ್ನೂ ಸ್ಪಷ್ಟವಾಗಿಟ್ಟುಕೊಳ್ಳುವುದು ಒಳ್ಳೆಯದು. 1975ರಲ್ಲಿ ಆರನ್ ವೈನರ್ ಅವರು, ಕದ್ದಾಲಿಸುವವನ ಚಾನೆಲ್ ಸ್ವೀಕರ್ತನ ಚಾನೆಲ್‌ಗಿಂತ ಕೆಟ್ಟದಾಗಿದ್ದರೆ ಗುಪ್ತ ಕೀಲಿಯೇ ಇಲ್ಲದೆ ಗುಟ್ಟನ್ನು ಕಾಯಬಹುದೆಂದು ಗಣಿತದಿಂದ ತೋರಿಸಿದರು. 1978ರಲ್ಲಿ ಲ್ಯೂಂಗ್-ಯಾನ್-ಚಾಂಗ್ ಮತ್ತು ಹೆಲ್‌ಮನ್ ಅವರು ಸಾಮಾನ್ಯ ಗದ್ದಲದ ಚಾನೆಲ್‌ಗೆ ಈ ಸಾಮರ್ಥ್ಯವು ಇಬ್ಬರ ಸಾಮರ್ಥ್ಯಗಳ ವ್ಯತ್ಯಾಸವೇ ಎಂದು ಸ್ಥಾಪಿಸಿದರು. ಸ್ವೀಕರ್ತನಿಗೆ ಸಂಕೇತವು ಗದ್ದಲಕ್ಕಿಂತ 20 ಡೆಸಿಬೆಲ್ ಮೇಲಿದ್ದರೆ ಪ್ರತಿ ಹರ್ಟ್ಸ್‌ಗೆ ಸೆಕೆಂಡಿಗೆ 6.66 ಬಿಟ್, ಕದ್ದಾಲಿಸುವವನಿಗೆ 10 ಡೆಸಿಬೆಲ್ ಇದ್ದರೆ 3.46 ಬಿಟ್, ಗುಟ್ಟಾಗಿ ಸಾಗಿಸಬಹುದಾದದ್ದು ಉಳಿದ 3.2 ಬಿಟ್ ಮಾತ್ರ. ಇಬ್ಬರೂ ಸಮವಾದರೆ ಏನೂ ಉಳಿಯುವುದಿಲ್ಲ. ಒಂದೇ ಆಂಟೆನಾ ಇದ್ದಾಗ ಈ ವ್ಯತ್ಯಾಸವನ್ನು ನಿರ್ಧರಿಸುವುದು ಅದೃಷ್ಟ. ಹಲವು ಆಂಟೆನಾಗಳಿದ್ದಾಗ ಅದನ್ನು ನಾವೇ ಉಂಟುಮಾಡಬಹುದು. 2008ರಲ್ಲಿ ಗೋಯೆಲ್ ಮತ್ತು ನೇಗಿ ಅವರು ವಿವರಿಸಿದ ಕೃತಕ ಗದ್ದಲದ ಬೆಲೆ ಇರುವುದೂ ಇಲ್ಲಿಯೇ. ಕದ್ದಾಲಿಸುವವನು ಎಲ್ಲಿದ್ದಾನೆಂದು ತಿಳಿಯದಿದ್ದರೂ ಸ್ವೀಕರ್ತನ ಚಾನೆಲ್ ಒಂದನ್ನು ತಿಳಿದುಕೊಂಡರೆ ಸಾಕು, ಅದಕ್ಕೆ ಲಂಬವಾದ (ಗಣಿತದ ಅರ್ಥದಲ್ಲಿ, ಅಂದರೆ ಸ್ವೀಕರ್ತನ ಕಡೆ ಸೊನ್ನೆಯಾಗುವ) ಎಲ್ಲ ದಿಕ್ಕುಗಳನ್ನೂ ಗದ್ದಲದಿಂದ ತುಂಬಬಹುದು.

ಹಳೆಯ ರೇಡಾರಿಗ (ಉತ್ತರ):

ಗಣಿತಪ್ರಿಯ ಅವರು ಹೇಳಿದ ಅದಲುಬದಲು ಸರಿಯಾದ ದಾರಿ. ರೇಡಾರಿನ ಕಡೆಯಿಂದ ಅದಕ್ಕೊಂದು ಬೆಲೆಯಿದೆ, ಅದನ್ನು ಮೊದಲು ಹೇಳಿ ನಂತರ ಗದ್ದಲದ ಪ್ರಶ್ನೆಗೆ ಬರುತ್ತೇನೆ.

ಪ್ರೇಷಕ ಆಂಟೆನಾಗಳನ್ನು ಸರದಿಯಂತೆ ಒಂದೊಂದಾಗಿ ಚಾಲೂ ಮಾಡುವುದು ಮೈಮೋ ರೇಡಾರಿನಲ್ಲಿ ಸಾಮಾನ್ಯ ಪದ್ಧತಿ. ಸರದಿ ಉದ್ದವಾದಷ್ಟೂ ಅಳೆಯಬಹುದಾದ ವೇಗದ ಮಿತಿ ಇಳಿಯುತ್ತದೆ. ನಿಮ್ಮ ಆವೃತ್ತಿಯಲ್ಲಿ ಒಂದು ಸರದಿಗೆ ಅರ್ಧ ಮಿಲಿಸೆಕೆಂಡ್ ಹಿಡಿದರೆ, ಒಂದೇ ಆಂಟೆನಾಕ್ಕೆ ಸೆಕೆಂಡಿಗೆ ಸುಮಾರು 26 ಮೀಟರ್ ವೇಗದವರೆಗೆ ಗೊಂದಲವಿಲ್ಲದೆ ಅಳೆಯಬಹುದು. ನಾಲ್ಕಾದರೆ 6.5 ಮೀಟರ್, ಎಂಟಾದರೆ 3.2 ಮೀಟರ್. ಹಜಾರದಲ್ಲಿ ನಡೆದಾಡುವವರಿಗೆ ಇದು ಸಾಕು, ಓಡುವವರಿಗೆ ಸಾಲದು. ಇದಕ್ಕಿಂತ ಗಂಭೀರವಾದ ತೊಂದರೆಯೆಂದರೆ, ಒಂದೊಂದೇ ಆಂಟೆನಾ ಚಾಲೂ ಆಗುವ ಆ ಹೊತ್ತಿನಲ್ಲಿ, ಹಲವು ಆಂಟೆನಾಗಳು ಕೂಡಿ ಒಂದು ದಿಕ್ಕಿಗೆ ಮೂಡಿಸುವ ಬೀಮ್ ಎಂಬುದೇ ಇರುವುದಿಲ್ಲ, ಹಾಗಾಗಿ ಆಗ ದತ್ತಾಂಶ ಕಳುಹಿಸಿದರೆ ಎಲ್ಲರಿಗೂ ಕೇಳಿಸುತ್ತದೆ. ನೀವು ಕೇಳುತ್ತಿರುವಂತೆ ಎರಡು ಕೆಲಸಗಳೂ ಏಕಕಾಲಕ್ಕೆ ಆಗಬೇಕಾದರೆ ಸರದಿಯ ಪದ್ಧತಿಯನ್ನು ಬಿಡಬೇಕಾಗುತ್ತದೆ.

ಇಲ್ಲಿ ನಿಮ್ಮ ಭಯಕ್ಕೆ ಕಾರಣವಾದ ಕೃತಕ ಗದ್ದಲವೇ ನೆರವಿಗೆ ಬರುತ್ತದೆ. ಅದು ಕದ್ದಾಲಿಸುವವನಿಗೆ ಗದ್ದಲ, ನಿಮಗೆ ಗದ್ದಲವಲ್ಲ. ಅದರ ಪ್ರತಿಯೊಂದು ಮಾದರಿಯನ್ನೂ ನಿಮ್ಮ ಯಂತ್ರವೇ ಹುಟ್ಟಿಸಿದ್ದು, ಅದು ನಿಮ್ಮ ನೆನಪಿನಲ್ಲಿದೆ. ಮರಳಿ ಬಂದ ಸಂಕೇತವನ್ನು ಆ ನೆನಪಿನೊಂದಿಗೆ ತಾಳೆ ಹಾಕಿದರೆ ಪ್ರತಿಧ್ವನಿ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ. ಗದ್ದಲವನ್ನೇ ಬೆಳಕಾಗಿ ಬಳಸುವ ಗದ್ದಲ ರೇಡಾರ್ ಎಂಬ ಪದ್ಧತಿ ನಮ್ಮ ಕ್ಷೇತ್ರದಲ್ಲಿ ಬಹಳ ಹಳೆಯದು. 150 ಮೆಗಾಹರ್ಟ್ಸ್ ಅಗಲದಲ್ಲಿ 1 ಮಿಲಿಸೆಕೆಂಡ್ ತಾಳೆ ಹಾಕಿದರೆ ಒಂದೂವರೆ ಲಕ್ಷ ಸ್ವತಂತ್ರ ಮಾದರಿಗಳು ಕೂಡಿ, ನಿಜವಾದ ಪ್ರತಿಧ್ವನಿ ಸುಮಾರು 52 ಡೆಸಿಬೆಲ್‌ನಷ್ಟು ಮೇಲೇಳುತ್ತದೆ.

ಇನ್ನೊಂದು ಹೊಂದಾಣಿಕೆಯನ್ನೂ ಗಮನಿಸಿ. 8 ಪ್ರೇಷಕ ಆಂಟೆನಾಗಳಿಂದ 8 ಸ್ವತಂತ್ರ ದಿಕ್ಕುಗಳು ಸಿಗುತ್ತವೆ, ಒಂದರಲ್ಲಿ ದತ್ತಾಂಶ, ಉಳಿದ 7ರಲ್ಲಿ ಗದ್ದಲ. ಒಟ್ಟು ಶಕ್ತಿಯನ್ನು ಎಂಟಕ್ಕೂ ಸಮನಾಗಿ ಹಂಚಿದರೆ ಹಜಾರದ ಎಲ್ಲ ದಿಕ್ಕುಗಳಿಗೂ ಸಮನಾದ ಶಕ್ತಿ ಹೋಗುತ್ತದೆ. ಗುರಿಯೆಲ್ಲಿದೆಯೆಂದು ಇನ್ನೂ ತಿಳಿಯದ ಮೈಮೋ ರೇಡಾರ್ ಬಯಸುವುದೂ ಇಂಥ ಸಮನಾದ ಬೆಳಕನ್ನೇ. ಸ್ವೀಕರ್ತನ ಕಡೆ ಗದ್ದಲವಿಲ್ಲದಿದ್ದರೂ ದತ್ತಾಂಶವಿದೆ. ಅದೂ ನಿಮಗೆ ಗೊತ್ತಿರುವ ಸಂಕೇತವೇ ಆದ್ದರಿಂದ ಆ ಕಡೆಯೂ ಕತ್ತಲಿರುವುದಿಲ್ಲ. ದತ್ತಾಂಶಕ್ಕೆ ಎಂಟನೆಯ ಒಂದು ಭಾಗದ ಶಕ್ತಿ ಮಾತ್ರ ದೊರೆತರೂ ಬೀಮ್ ಅದನ್ನು ಎಂಟರಷ್ಟು ಹೆಚ್ಚಿಸುವುದರಿಂದ, ಒಂದೇ ಆಂಟೆನಾದಿಂದ ಪೂರ್ಣ ಶಕ್ತಿಯಲ್ಲಿ ಕಳುಹಿಸಿದಷ್ಟೇ ಸ್ವೀಕರ್ತನಿಗೆ ಸಿಗುತ್ತದೆ.

ಅಗಲವಾಗಿ ಬೆಳಗಿ, ಸೂಕ್ಷ್ಮತೆಯನ್ನು ಕೇಳುವ ಕಡೆ ಇಟ್ಟುಕೊಳ್ಳುವುದು ಚಿತ್ರಣ ರೇಡಾರಿನವರಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ಜೋಡಣೆಗೊಂಡು 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹವು 12 ಮೀಟರ್ ವ್ಯಾಸದ ಪ್ರತಿಫಲಕದ ಮುಂದೆ ಸಾಲಾಗಿ ನಿಲ್ಲಿಸಿದ ಆಂಟೆನಾ ಘಟಕಗಳಿಂದ ಸುಮಾರು 240 ಕಿಲೋಮೀಟರ್ ಅಗಲದ ನೆಲವನ್ನು ಒಟ್ಟಿಗೆ ಬೆಳಗುತ್ತದೆ. ಮರಳಿ ಬರುವ ಪ್ರತಿಧ್ವನಿಯನ್ನು ಮಾತ್ರ ಅಂಕೀಯವಾಗಿ ರೂಪಿಸಿದ ಕಿರಿದಾದ ಬೀಮ್ ಹಿಂಬಾಲಿಸಿಕೊಂಡು ಹೋಗುತ್ತದೆ. ನಿಮ್ಮ ಹಜಾರದಲ್ಲಿ ವಿರಳವಾದ ಸ್ವೀಕಾರ ಸಾಲು ಮಾಡಬೇಕಾದ ಕೆಲಸವೂ ಇದಕ್ಕೆ ಹತ್ತಿರದ್ದೇ.

ಒಂದು ಮಾತನ್ನು ಅಭಿಮಾನದಿಂದ ಸೇರಿಸುತ್ತೇನೆ. ಮೈಮೋ ಸಂವಹನದ ಮೂಲ ಪೇಟೆಂಟನ್ನು 1994ರಲ್ಲಿ ಥಾಮಸ್ ಕೈಲಾತ್ ಅವರೊಂದಿಗೆ ಪಡೆದ ಆರೋಗ್ಯಸ್ವಾಮಿ ಪೌಲ್‌ರಾಜ್ ಅವರು ಸ್ಟ್ಯಾನ್‌ಫರ್ಡ್‌ಗೆ ಹೋಗುವ ಮೊದಲು ಭಾರತೀಯ ನೌಕಾಪಡೆಗಾಗಿ ಸೋನಾರ್ ರೂಪಿಸಿದವರು, ಬೆಂಗಳೂರಿನ ಸಂಶೋಧನಾ ಕೇಂದ್ರಗಳನ್ನು ಮುನ್ನಡೆಸಿದವರು. ಹಲವು ಕಿವಿಗಳನ್ನು ಸಾಲಾಗಿ ಇಟ್ಟು ದಿಕ್ಕನ್ನು ಬೇರ್ಪಡಿಸುವುದು ಸೋನಾರಿನ ಮೂಲ ವಿದ್ಯೆ. ಸಂವಹನ ಮತ್ತು ಸಂವೇದನೆ ಎರಡು ಬೇರೆ ವಿಷಯಗಳೆಂಬ ವಿಂಗಡಣೆ ಪಠ್ಯಪುಸ್ತಕಗಳಲ್ಲಿ ಎಷ್ಟು ಗಟ್ಟಿಯೋ ವಾಸ್ತವದಲ್ಲಿ ಅಷ್ಟು ಗಟ್ಟಿಯಿಲ್ಲ.

ಬೆಸುಗೆಕೋಲು (ಉತ್ತರ):

ಮೇಲಿನ ಇಬ್ಬರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಕಾಗದದ ಮೇಲೆ ಸರಿಯಿರುವ ಈ ವಿನ್ಯಾಸವು ಮೇಜಿನ ಮೇಲೆ ಎಲ್ಲಿ ಮುರಿದುಬೀಳುತ್ತದೆ ಎಂಬುದನ್ನು ಹೇಳದಿದ್ದರೆ ನಿಮ್ಮ ಒಂದು ಸೆಮಿಸ್ಟರ್ ಅದರಲ್ಲಿಯೇ ಕಳೆದುಹೋದೀತು. ನಾನು ಹಿಂದೊಮ್ಮೆ ಇಂಥದೇ ಸಾಲನ್ನು ಕಟ್ಟಿ ಎರಡು ತಿಂಗಳು ಕಳೆದುಕೊಂಡಿದ್ದೆ.

ಮೊದಲನೆಯದು ಸೋರಿಕೆ. ಗದ್ದಲವನ್ನು ನಿರಂತರವಾಗಿ ಕಳುಹಿಸುತ್ತಲೇ ಕೇಳಬೇಕಾದ್ದರಿಂದ ಪ್ರೇಷಕದ ಸಂಕೇತವು ಪಕ್ಕದ ಸ್ವೀಕಾರ ಆಂಟೆನಾಕ್ಕೆ ನೇರವಾಗಿ ನುಗ್ಗುತ್ತದೆ. ಒಟ್ಟು 100 ಮಿಲಿವ್ಯಾಟ್, ಅಂದರೆ 20 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್) ಕಳುಹಿಸುತ್ತೀರೆಂದೂ ಆಂಟೆನಾಗಳ ನಡುವೆ 40 ಡೆಸಿಬೆಲ್ ಪ್ರತ್ಯೇಕತೆ ಇದೆಯೆಂದೂ ಇಟ್ಟುಕೊಳ್ಳೋಣ, ಆಗ ಸೋರಿಕೆ ಮೈನಸ್ 20 ಡಿಬಿಎಂ. 20 ಮೀಟರ್ ದೂರದಲ್ಲಿ ನಿಂತ, 1 ಚದರ ಮೀಟರ್ ಪ್ರತಿಫಲನ ಕ್ಷೇತ್ರವಿರುವ ವ್ಯಕ್ತಿಯಿಂದ ಬರುವ ಪ್ರತಿಧ್ವನಿಯು ಆಂಟೆನಾದ ವರ್ಧನೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಮೈನಸ್ 91 ಡಿಬಿಎಂ ಆಸುಪಾಸಿನಲ್ಲಿರುತ್ತದೆ. ವ್ಯತ್ಯಾಸ 71 ಡೆಸಿಬೆಲ್. ಗದ್ದಲ ರೇಡಾರಿನಲ್ಲಿ ತಾಳೆಯ ತಳಮಟ್ಟವು ಅತಿ ಬಲವಾದ ಸಂಕೇತಕ್ಕಿಂತ 52 ಡೆಸಿಬೆಲ್ ಮಾತ್ರ ಕೆಳಗಿರುತ್ತದೆ. ಸೋರಿಕೆಯ ಆ ತಳಮಟ್ಟ ಮೈನಸ್ 72ರಲ್ಲಿ ನಿಂತು, ನಿಮ್ಮ ಮನುಷ್ಯನನ್ನು ಅದರಡಿ 19 ಡೆಸಿಬೆಲ್ ಆಳದಲ್ಲಿ ಹೂತುಹಾಕುತ್ತದೆ. ಪ್ರತಿಧ್ವನಿಯು ಗದ್ದಲದಲ್ಲಿ ಮುಳುಗಬಹುದೆಂಬ ಕಿರುತರಂಗ ಅವರ ಭಯದಲ್ಲಿ ಹುರುಳಿದೆ, ಆದರೆ ಮುಳುಗಿಸುವುದು ಹಜಾರದಲ್ಲಿ ಹರಡಿದ ಗದ್ದಲವಲ್ಲ, ಪಕ್ಕದ ಆಂಟೆನಾದಿಂದ ನೇರವಾಗಿ ನುಗ್ಗುವ ಗದ್ದಲ.

ಇದನ್ನು ಕಳುಹಿಸುವಾಗಲೇ ಅಳಿಸಬಹುದು. 2013ರಲ್ಲಿ ಎಂ.ಐ.ಟಿ.ಯಲ್ಲಿ ಫದೆಲ್ ಅದೀಬ್ ಮತ್ತು ದೀನಾ ಕತಾಬಿ ಅವರು ವೈಫೈ ಸಂಕೇತದಿಂದ ಗೋಡೆಯಾಚೆಯ ಚಲನೆಯನ್ನು ಗುರುತಿಸಿದಾಗ, ಎರಡು ಪ್ರೇಷಕ ಆಂಟೆನಾಗಳ ಸಂಕೇತಗಳು ಸ್ವೀಕಾರ ಆಂಟೆನಾದಲ್ಲಿ ಪರಸ್ಪರ ರದ್ದಾಗುವಂತೆ ಮಾಡಿ ಗೋಡೆಯ ಬಲವಾದ ಪ್ರತಿಫಲನವನ್ನು ಅಳಿಸಿದ್ದರು. ಆದರೆ ನಿಮ್ಮಲ್ಲಿ ನಾಲ್ಕು ಸ್ವೀಕಾರ ಆಂಟೆನಾಗಳಿವೆ. ನಾಲ್ಕರಲ್ಲಿಯೂ ಸೊನ್ನೆ ಮಾಡಲು ಹೊರಟರೆ 8 ದಿಕ್ಕುಗಳಲ್ಲಿ 4 ಅದಕ್ಕೇ ಖರ್ಚಾಗಿ, ಸ್ವೀಕರ್ತನಿಗೆ ಒಂದು ಹೋಗಿ, ಗದ್ದಲಕ್ಕೆ 3 ಮಾತ್ರ ಉಳಿಯುತ್ತವೆ. ಆಗ ನಾಲ್ಕು ಆಂಟೆನಾಗಳಿರುವ ಕದ್ದಾಲಿಸುವವನು ಆ ಗದ್ದಲವನ್ನು ಪೂರ್ತಿಯಾಗಿ ಬೇರ್ಪಡಿಸಬಲ್ಲ. ಆದ್ದರಿಂದ ಪ್ರೇಷಣೆಯ ದಿಕ್ಕುಗಳನ್ನು ಗೌಪ್ಯತೆಗೇ ಬಿಟ್ಟು, ಸೋರಿಕೆಯನ್ನು ಸ್ವೀಕಾರದ ನಂತರ ಅಂಕೀಯವಾಗಿ ಕಳೆಯುವುದು ಲೇಸು. ಕಳೆಯಬೇಕಾದ ಸಂಕೇತ ನಿಮಗೆ ಪೂರ್ತಿ ಗೊತ್ತಿರುವುದರಿಂದ ಇದು ಸಾಧ್ಯ. ಸಂಕೇತವನ್ನು ಅಂಕಿಗಳಾಗಿಸುವ 12 ಬಿಟ್ ಪರಿವರ್ತಕದ ಆದರ್ಶ ವ್ಯಾಪ್ತಿ 74 ಡೆಸಿಬೆಲ್ ಎಂಬುದನ್ನು ಮರೆಯದೆ, ಸೋರಿಕೆಯು ಅದನ್ನು ತುಂಬಿಬಿಡದಂತೆ ಮೊದಲು ಎರಡು ಸಾಲುಗಳನ್ನು ದೂರವಿಟ್ಟು ನಡುವೆ ಲೋಹದ ತಡೆಯನ್ನು ನಿಲ್ಲಿಸಿ.

ಎರಡನೆಯದು ಕೇಬಲ್. ಸಾಮಾನ್ಯ ಕೋಆಕ್ಸಿಯಲ್ ಕೇಬಲ್‌ನಲ್ಲಿ ನಿಮ್ಮ ತರಂಗದೂರ ಸುಮಾರು 3.6 ಸೆಂಟಿಮೀಟರ್‌ಗೆ ಇಳಿಯುತ್ತದೆ. 1 ಮಿಲಿಮೀಟರ್ ಉದ್ದದ ವ್ಯತ್ಯಾಸವೆಂದರೆ 10 ಡಿಗ್ರಿ ಫೇಸ್ ದೋಷ. ಪರಸ್ಪರ ರದ್ದಾಗಬೇಕಾದ ಎರಡು ಆಂಟೆನಾಗಳ ನಡುವೆ ಇಷ್ಟು ದೋಷವಿದ್ದರೆ, ಒಂದೇ ಆಂಟೆನಾದ ಮಟ್ಟಕ್ಕೆ ಹೋಲಿಸಿದಾಗ ಸೊನ್ನೆಯ ಆಳ 15 ಡೆಸಿಬೆಲ್‌ಗೆ ನಿಲ್ಲುತ್ತದೆ. 1 ಡಿಗ್ರಿಗೆ ತಂದರೆ 35 ಡೆಸಿಬೆಲ್ ಸಿಗುತ್ತದೆ. ಈ ದೋಷ ರೇಡಾರ್ ಚಿತ್ರವನ್ನು ತುಸು ಮಸುಕು ಮಾಡಬಹುದು ಅಷ್ಟೆ. ಗೌಪ್ಯತೆಯ ಕಡೆ ಆಗುವ ಹಾನಿ ಬೇರೆ ಬಗೆಯದು: ನಿಮ್ಮದೇ ಕೃತಕ ಗದ್ದಲವು ನಿಮ್ಮ ಸ್ವೀಕರ್ತನ ಮೇಲೆ ಸುರಿಯುತ್ತದೆ. ದಿನವೂ ಕೆಲಸ ಆರಂಭಿಸುವ ಮೊದಲು, ಬೋರ್ಡು ಬಿಸಿಯಾದ ಮೇಲೆ, ಎಲ್ಲ 12 ಚಾನೆಲ್‌ಗಳನ್ನೂ ಅಳೆದು ಸರಿಪಡಿಸಿಕೊಳ್ಳಿ.

ಕಿರುತರಂಗ (ಮರುಪ್ರಶ್ನೆ):

ತಮ್ಮೆಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ರಾತ್ರಿಯೇ ಎರಡು ಸಾಲುಗಳನ್ನು ಸಿಮ್ಯುಲೇಷನ್‌ನಲ್ಲಿ ಅದಲುಬದಲು ಮಾಡಿದೆ. ಚಿತ್ರ ಹಾಗೆಯೇ ಉಳಿಯಿತು. ಹಿಂದೆ ದತ್ತಾಂಶವೆಲ್ಲ ಸೋರಿಹೋಗುತ್ತಿದ್ದ 30 ಡಿಗ್ರಿಯಲ್ಲಿ ಈಗ ದತ್ತಾಂಶ ಸಂಪೂರ್ಣ ಸೊನ್ನೆಯಾಗಿ ಗದ್ದಲ ಮಾತ್ರ ಸಿಗುತ್ತಿದೆ. ಅದನ್ನು ನೋಡಿದಾಗ ಆದ ಸಂತೋಷವನ್ನು ಹೇಳಲಾರೆ.

ಈಗ ಉಳಿದಿರುವ ಸಂದೇಹಗಳು ಎರಡು. ಕದ್ದಾಲಿಸುವವನು 30 ಡಿಗ್ರಿಯಲ್ಲಿರದೆ ಸ್ವೀಕರ್ತನ ಪಕ್ಕದಲ್ಲಿಯೇ ಕುಳಿತರೆ ಏನಾಗುತ್ತದೆ? ಹಾಗೆ ಕುಳಿತವನನ್ನು ನಮ್ಮದೇ ರೇಡಾರ್ ಚಿತ್ರದಿಂದ ಪತ್ತೆಹಚ್ಚಿ ಗೌಪ್ಯತೆಯನ್ನು ಹೆಚ್ಚಿಸಿಕೊಳ್ಳಬಹುದೇ? ಇದೆಲ್ಲ ಸಾಧ್ಯವಾದರೆ ಗುಪ್ತಲಿಪೀಕರಣವನ್ನೇ ಕೈಬಿಡಬಹುದೆಂದು ನನ್ನ ಸಹಪಾಠಿಯೊಬ್ಬರು ವಾದಿಸುತ್ತಿದ್ದಾರೆ, ನನಗೆ ಹಾಗೆ ಅನ್ನಿಸುತ್ತಿಲ್ಲ.

ಗಣಿತಪ್ರಿಯ (ಉತ್ತರ):

ಅಡೆತಡೆಯಿಲ್ಲದ ನೇರ ದಾರಿಯ ಸಂದರ್ಭದಲ್ಲಿ, ಶಕ್ತಿಯನ್ನು ಎಂಟು ದಿಕ್ಕುಗಳಿಗೂ ಸಮನಾಗಿ ಹಂಚಿದಾಗ, ಒಂದು ಕೋನದಲ್ಲಿ ದತ್ತಾಂಶದ ಪಾಲು ಎಷ್ಟು ಕಡಿಮೆಯಾಗುತ್ತದೋ ಗದ್ದಲದ ಪಾಲು ಅಷ್ಟೇ ಹೆಚ್ಚುತ್ತದೆ, ಎರಡರ ಮೊತ್ತ ಎಲ್ಲೆಡೆ ಒಂದೇ. ನಿಮ್ಮ 8 ಆಂಟೆನಾಗಳ ಸಾಲಿಗೆ 10 ಡಿಗ್ರಿಯಲ್ಲಿ ದತ್ತಾಂಶವು ಗದ್ದಲಕ್ಕಿಂತ ಸುಮಾರು 8 ಡೆಸಿಬೆಲ್ ಕೆಳಗಿರುತ್ತದೆ. 6.4 ಡಿಗ್ರಿಯಲ್ಲಿ ಎರಡೂ ಸಮ. 2 ಡಿಗ್ರಿಗೆ ಬಂದರೆ ದತ್ತಾಂಶವೇ ಸುಮಾರು 12 ಡೆಸಿಬೆಲ್ ಮೇಲಿರುತ್ತದೆ, 20 ಮೀಟರ್ ದೂರದಲ್ಲಿ 2 ಡಿಗ್ರಿಯೆಂದರೆ ಪಕ್ಕದ ಕುರ್ಚಿ, 70 ಸೆಂಟಿಮೀಟರ್. ಸ್ವೀಕರ್ತನಿಗೆ 20 ಡೆಸಿಬೆಲ್ ಇದೆಯೆಂದಿಟ್ಟುಕೊಂಡು, ಕದ್ದಾಲಿಸುವವನ ಯಂತ್ರದಲ್ಲಿ ತನ್ನದೇ ಆದ ಉಷ್ಣ ಗದ್ದಲ ಸ್ವಲ್ಪವೂ ಇಲ್ಲವೆಂಬ ಅತಿ ಕೆಟ್ಟ ಸ್ಥಿತಿಯನ್ನು ಊಹಿಸಿದರೆ, ಗುಟ್ಟಾಗಿ ಸಾಗುವುದು 10 ಡಿಗ್ರಿಯಲ್ಲಿ ಸುಮಾರು 6.4 ಬಿಟ್, 6.4 ಡಿಗ್ರಿಯಲ್ಲಿ 5.7, 2 ಡಿಗ್ರಿಯಲ್ಲಿ 2.6. ಸ್ವೀಕರ್ತನ ಹಿಂದೆಯೋ ಮುಂದೆಯೋ ಅದೇ ರೇಖೆಯಲ್ಲಿ ಕುಳಿತರೆ ಸಾಲು ಏನನ್ನೂ ಮಾಡಲಾರದು.

6.4 ಡಿಗ್ರಿ ಎಂಬ ಸಂಖ್ಯೆಯನ್ನು ಗಮನಿಸಿ. ಅದರ ಎರಡರಷ್ಟು, 12.8 ಡಿಗ್ರಿ, ನಿಮ್ಮ ಪ್ರೇಷಕ ಸಾಲಿನ ಅರ್ಧಶಕ್ತಿ ಬೀಮ್ ಅಗಲ. ಈ ಸಾಲೊಂದನ್ನೇ ನಂಬಿದ್ದರೆ 20 ಮೀಟರ್ ದೂರದಲ್ಲಿ 4.5 ಮೀಟರ್‌ಗಿಂತ ಹತ್ತಿರವಿರುವ ಇಬ್ಬರನ್ನು ರೇಡಾರ್ ಬೇರೆಬೇರೆಯಾಗಿ ಕಾಣಲಾರದು. ಯಾರನ್ನು ಬೇರ್ಪಡಿಸಿ ನೋಡಲಾರೆವೋ ಅವರಿಂದ ಗುಟ್ಟನ್ನು ಬೇರ್ಪಡಿಸಿ ಇಡುವುದೂ ಕಷ್ಟ. ಚಿತ್ರದ ಸೂಕ್ಷ್ಮತೆಯೂ ಗುಟ್ಟಿನ ಸೂಕ್ಷ್ಮತೆಯೂ ಒಂದೇ ಉದ್ದದಿಂದ, ಸಾಲಿನ ಉದ್ದದಿಂದ, ಹುಟ್ಟುತ್ತವೆ. ಆದರೆ ನಿಮ್ಮ ರೇಡಾರ್ 32 ಆಂಟೆನಾಗಳ ಕಾಲ್ಪನಿಕ ಸಾಲಿನಿಂದ ನೋಡುವುದರಿಂದ ಅದರ ಸೂಕ್ಷ್ಮತೆ 3.2 ಡಿಗ್ರಿ, ಅಂದರೆ 20 ಮೀಟರ್‌ನಲ್ಲಿ 1.1 ಮೀಟರ್. ಪ್ರೇಷಕ ಬೀಮ್ ದೂರವಿಡಲಾರದ ವ್ಯಕ್ತಿಯನ್ನು ರೇಡಾರ್ ಕಾಣಬಲ್ಲದು. ಈ ನಡುವಿನ ಜಾಗವೇ ನಿಮ್ಮ ಯೋಜನೆಯಲ್ಲಿ ಅಧ್ಯಯನಕ್ಕೆ ಅತಿ ಯೋಗ್ಯವಾದ ಭಾಗವೆಂದು ನನ್ನ ಅಭಿಪ್ರಾಯ.

ಗುಪ್ತಲಿಪೀಕರಣವನ್ನು ಖಂಡಿತ ಕೈಬಿಡಬೇಡಿ. ಕೃತಕ ಗದ್ದಲದ ಭರವಸೆಯು ಕದ್ದಾಲಿಸುವವನ ಆಂಟೆನಾಗಳ ಸಂಖ್ಯೆಯನ್ನು ಅವಲಂಬಿಸಿದೆ. 7 ದಿಕ್ಕುಗಳ ಗದ್ದಲವನ್ನು, ಹಜಾರದ ಬೇರೆಬೇರೆ ಜಾಗಗಳಲ್ಲಿ ಇಟ್ಟ 8 ಆಂಟೆನಾಗಳನ್ನು ಒಟ್ಟುಗೂಡಿಸಿದವನು ತಾತ್ವಿಕವಾಗಿ ಬೇರ್ಪಡಿಸಬಲ್ಲ. ಗೋಡೆ, ಕಂಬಗಳಿಂದ ಅಲೆಗಳು ಹೇರಳವಾಗಿ ಚದುರುವ ವಾತಾವರಣದಲ್ಲಿ, ಆಂಟೆನಾಗಳ ಸಂಖ್ಯೆ ದೊಡ್ಡದಿದ್ದಾಗ, ಒಂದೇ ಆಂಟೆನಾದ ಸ್ವೀಕರ್ತನ ವಿರುದ್ಧ ಕದ್ದಾಲಿಸುವವನಿಗೆ ಪ್ರೇಷಕದ ಎರಡರಷ್ಟು ಆಂಟೆನಾಗಳಿದ್ದರೆ ಗೌಪ್ಯತಾ ಸಾಮರ್ಥ್ಯವೇ ಸೊನ್ನೆಗೆ ಇಳಿಯುತ್ತದೆಂದು ಖಿಸ್ತಿ ಮತ್ತು ವೋರ್ನೆಲ್ ಅವರು 2010ರಲ್ಲಿ ತೋರಿಸಿದ್ದಾರೆ. ಇನ್ನೊಂದು ದಾರಿಯೂ ಇದೆ. ಸ್ವೀಕರ್ತನು ತನ್ನ ಚಾನೆಲ್ ತಿಳಿಸಲು ಕಳುಹಿಸುವ ಪೈಲಟ್ ಸಂಕೇತವನ್ನೇ ಕದ್ದಾಲಿಸುವವನು ಅದೇ ಹೊತ್ತಿಗೆ ಅನುಕರಿಸಿ ಕಳುಹಿಸಿದರೆ, ನಿಮ್ಮ ಬೀಮ್ ತಾನಾಗಿಯೇ ಅವನ ಕಡೆಗೂ ವಾಲುತ್ತದೆ. ಆದ್ದರಿಂದ ಪೈಲಟ್‌ಗೆ ದೃಢೀಕರಣವಿರಲಿ, ದತ್ತಾಂಶಕ್ಕೆ ಗುಪ್ತಲಿಪಿಯಿರಲಿ, ಅವೆರಡರ ಮೇಲೆ ಆಂಟೆನಾಗಳ ರಕ್ಷಣೆಯೂ ಇರಲಿ.

ಹಳೆಯ ರೇಡಾರಿಗ (ಉತ್ತರ):

ರೇಡಾರ್ ದೇಹವನ್ನು ಕಾಣುತ್ತದೆ, ಉದ್ದೇಶವನ್ನು ಕಾಣುವುದಿಲ್ಲ. ಸುಮ್ಮನೆ ಕೇಳುವ ಯಂತ್ರ ಏನನ್ನೂ ಹೊರಸೂಸಬೇಕಾಗಿಲ್ಲ, ಅದು ಕಿಟಕಿಯಾಚೆಯೂ ಇರಬಹುದು. ಹಾಗಾಗಿ ಚಿತ್ರದಲ್ಲಿ ಯಾರೂ ಕಾಣದಿರುವುದನ್ನು ಯಾರೂ ಇಲ್ಲವೆಂಬುದಕ್ಕೆ ಸಾಕ್ಷಿಯೆಂದು ತೆಗೆದುಕೊಳ್ಳಬೇಡಿ. ಆದರೆ ಸ್ವೀಕರ್ತನ ಆಚೀಚೆ 6 ಡಿಗ್ರಿಯೊಳಗೆ ಅಪರಿಚಿತ ದೇಹವೊಂದು ಕಂಡಾಗ ದತ್ತಾಂಶದ ದರವನ್ನು ಇಳಿಸುವುದು, ಇಲ್ಲವೇ ಅವರು ದೂರ ಸರಿಯುವವರೆಗೆ ತಡೆಹಿಡಿಯುವುದು ಸಾಧ್ಯ, ಅಷ್ಟರ ಮಟ್ಟಿಗೆ ಚಿತ್ರವು ಗೌಪ್ಯತೆಗೆ ನೆರವಾಗುತ್ತದೆ. 2023ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಒಪ್ಪಿದ ಮುಂದಿನ ಪೀಳಿಗೆಯ ಮೊಬೈಲ್ ಚೌಕಟ್ಟಿನ ಆರು ಬಳಕೆಗಳಲ್ಲಿ ಸಂವೇದನೆ ಮತ್ತು ಸಂವಹನದ ಸಂಯೋಜನೆಯೂ ಒಂದಾಗಿರುವುದರಿಂದ, ರೇಡಾರಿನ ಗುರಿಯೇ ಕದ್ದಾಲಿಸುವವನಾಗಿರಬಹುದೆಂಬ ಪ್ರಶ್ನೆ ಈಗ ಹಲವರ ಮುಂದಿದೆ.

ಮಾರ್ಗದರ್ಶಕರೊಂದಿಗೆ ಇನ್ನೊಂದು ವಿಷಯವನ್ನೂ ಚರ್ಚಿಸಿ. ನಿಮ್ಮ ಅಲೆಗಳು ಹಜಾರದ ಜನರನ್ನು ಬೆಳಗುತ್ತಿರುವಾಗ ಹೊರಗಿನವರೊಬ್ಬರು ಅದೇ ಪ್ರತಿಧ್ವನಿಗಳನ್ನು ಕೇಳಿ ತಮ್ಮದೇ ಚಿತ್ರವನ್ನು ಮಾಡಿಕೊಳ್ಳಬಹುದು. ಗದ್ದಲವನ್ನು ಏಳು ದಿಕ್ಕುಗಳಿಗೆ ಸ್ವತಂತ್ರವಾಗಿ ಹಂಚಿದಾಗ ಅವರ ಕಡೆಗೆ ನೇರವಾಗಿ ಬರುವ ಅಲೆಯೂ ಬೇರೆ ಕೋನದಲ್ಲಿರುವ ವ್ಯಕ್ತಿಯನ್ನು ಬೆಳಗುವ ಅಲೆಯೂ ಹೆಚ್ಚಾಗಿ ಹೊಂದುವುದಿಲ್ಲವಾದ್ದರಿಂದ ಅವರ ತಾಳೆ ದುರ್ಬಲವಾಗುತ್ತದೆ. ದತ್ತಾಂಶದ ಗುಟ್ಟಿನ ಜೊತೆಗೆ ಹಜಾರದಲ್ಲಿರುವವರ ಚಲನವಲನದ ಗುಟ್ಟನ್ನೂ ಅಳೆದು ನೋಡಿದರೆ ನಿಮ್ಮ ಕೆಲಸಕ್ಕೆ ಇನ್ನೊಂದು ಆಯಾಮ ದೊರೆಯುತ್ತದೆ.

ಕಿರುತರಂಗ:

ಮಾರ್ಗದರ್ಶಕರಿಗೆ ಈ ಚರ್ಚೆಯನ್ನೆಲ್ಲ ತೋರಿಸಿದೆ. ಮೊದಲ ತಿಂಗಳು ಚಾನೆಲ್‌ಗಳ ಫೇಸ್ ಸರಿಪಡಿಸುವುದಕ್ಕೂ ಸೋರಿಕೆಯನ್ನು ಅಂಕೀಯವಾಗಿ ಕಳೆಯುವುದಕ್ಕೂ ಮೀಸಲಿಡಲು ಒಪ್ಪಿದ್ದಾರೆ. ಆನಂತರ ಕದ್ದಾಲಿಸುವ ಆಂಟೆನಾವನ್ನು 2, 6.4, 10 ಮತ್ತು 30 ಡಿಗ್ರಿಗಳಲ್ಲಿ ಇಟ್ಟು ಅಳತೆ ತೆಗೆಯುತ್ತೇವೆ, ಪ್ರತಿ ಬಾರಿಯೂ ಅದರ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ ರೇಡಾರ್ ಚಿತ್ರವನ್ನೂ ದಾಖಲಿಸುತ್ತೇವೆ. 2 ಡಿಗ್ರಿಯಲ್ಲಿ, 70 ಸೆಂಟಿಮೀಟರ್ ಅಂತರದಲ್ಲಿ, ನಮ್ಮ ರೇಡಾರಿನ 1.1 ಮೀಟರ್ ಸೂಕ್ಷ್ಮತೆಯೂ ಸಾಲದೆಂಬುದು ಲೆಕ್ಕದಿಂದಲೇ ಗೊತ್ತಿದೆ, ಆದರೂ ಆ ಅಳತೆಯನ್ನು ಬಿಡುವುದಿಲ್ಲ.